ಕೌಂಟರ್ ಕಿತ್ತ ಮೇಲೆ

ವೇದಿಕೆಯ ನಡುವೆ ಕುಳಿತಿರುವ ವರ್ತಕರ ಸಂಘದ ಅಧ್ಯಕ್ಷರಾದ ಮಹದೇವಯ್ಯನವರೇ, ಮೈಸೂರಿನಿಂದ ಬಿಸಿಲಲ್ಲಿ ಬಂದಿರುವ ಮುಖ್ಯ ಅತಿಥಿಗಳೇ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಅಂಗಡಿ ಬಾಗಿಲು ಹಾಕಿ ಬಂದಿರುವ ಬಂಧುಗಳೇ, ಬಾಗಿಲು ಹಾಕದೆ ಹೆಂಡತಿಯನ್ನು ಕೂರಿಸಿ ಬಂದಿರುವ ಜಾಣರೇ, ತಾಯಂದಿರೇ, ಸಭಿಕರೇ,

ನಿರೂಪಣೆ ಮಾಡಿದ ವಾಣಿಶ್ರೀ ಮೇಡಂ ನನ್ನನ್ನು ಸೂಪರ್ ಮಾರ್ಕೆಟ್ ಸರದಾರ ಎಂದು ಕರೆದರು. ನಾಲ್ಕು ಮಳಿಗೆ ಮಾಡಿದ್ದಕ್ಕೆ ಪೇಟ ತೊಡಿಸಿ, ಶಾಲು ಹೊದಿಸಿದ್ದೀರಿ. ದೊಡ್ಡ ಕಂಪನಿಗಳ ಸೂಪರ್ ಮಾರ್ಕೆಟ್‌ಗಳು ಹೇಗೆ ಬೆಳೆಯುತ್ತವೆ, ಅವುಗಳ ತಂತ್ರವೇನು ಎಂಬುದರ ಬಗ್ಗೆ ಮಾತಾಡಿ ಎಂದಿದ್ದೀರಿ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲ ಪಾಸು ಮಾಡಿದವನು ನಾನು. ನನಗೆ ತಂತ್ರ ಕಲಿಸಿದವರು ಬೇರೆ ಇದ್ದಾರೆ. ಅದನ್ನು ಹೇಳದೆ ಈ ಪೇಟ ಹೊತ್ತುಕೊಂಡು ಪಿರಿಯಾಪಟ್ಟಣಕ್ಕೆ ಹೋಗುವುದು ಹೇಗೆ?

ಆರು ವರ್ಷದ ಹಿಂದೆ, ಪಿರಿಯಾಪಟ್ಟಣದಲ್ಲಿ ನನ್ನದು ಒಂದೇ ದಿನಸಿ ಅಂಗಡಿ ಇದ್ದಾಗ, ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ದೊಡ್ಡ ಕಂಪನಿಯೊಂದು ಮಳಿಗೆ ತೆರೆಯಿತು. ಗಾಜಿನ ಬಾಗಿಲು, ಎಸಿ, ಸೆಲ್ಯೂಟ್ ಹೊಡೆಯುವ ಕಾವಲುಗಾರ. ಮೂರು ತಿಂಗಳಲ್ಲಿ ಮುಚ್ಚುತ್ತದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಅವರು ಸಕ್ಕರೆಯನ್ನು ನಾನು ಕೊಳ್ಳುವ ದರಕ್ಕಿಂತ ಕಡಿಮೆಗೆ ಮಾರಿದರು. ದಡ್ಡರು ಎಂದು ನಕ್ಕೆ. ಸಕ್ಕರೆ ಇದ್ದದ್ದು ಅವರ ಮಳಿಗೆಯ ಹಿಂಭಾಗದಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಜನ ಸೋಪು, ಎಣ್ಣೆ, ಬಿಸ್ಕತ್ತು, ಬಕೆಟ್ಟು ಎಲ್ಲವನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ದಡ್ಡ ಯಾರು ಎಂದು ನನಗೆ ತಿಳಿದದ್ದು ತಡವಾಗಿ.

ಆದರೆ ನನಗೆ ಪೆಟ್ಟು ಬಿದ್ದದ್ದು ಸಕ್ಕರೆಯಿಂದಲ್ಲ. ಹದಿನಾರು ವರ್ಷ ನನ್ನ ಅಂಗಡಿಯಲ್ಲಿ ರಾಗಿ, ಬೇಳೆ ಹಸನು ಮಾಡುತ್ತಿದ್ದ ಚಿಕ್ಕಬಸಮ್ಮ ಒಂದು ಸೋಮವಾರ ಬರಲಿಲ್ಲ. ಮಾರನೆಯ ದಿನ ನೋಡಿದರೆ ಸೀರೆಯ ಮೇಲೆ ಆ ಕಂಪನಿಯ ನೀಲಿ ಕೋಟು. ಉಪ್ಪು ತಿಂದ ಮನೆ ಮರೆತಳು ಎಂದೆ. ಇನ್ನೂ ಏನೇನೋ ಅಂದೆ. ಅವನ್ನೆಲ್ಲ ಈ ಮೈಕಿನಲ್ಲಿ ಹೇಳುವುದಕ್ಕಾಗುವುದಿಲ್ಲ.

ಒಂದು ಮಧ್ಯಾಹ್ನ ತಲೆಗೆ ಟವಲ್ ಮುಸುಕು ಹಾಕಿಕೊಂಡು ಆ ಮಳಿಗೆಗೆ ನುಗ್ಗಿದೆ. ಅವರ ಗುಟ್ಟು ತಿಳಿಯಬೇಕಿತ್ತು. ಕಾವಲುಗಾರ ಸೆಲ್ಯೂಟ್ ಹೊಡೆದ. ಗಾಬರಿಯಲ್ಲಿ ನಾನೂ ಹೊಡೆದೆ. ಬೇಳೆಯ ಸಾಲಿನಲ್ಲಿ ಬಗ್ಗಿ ದರ ಓದುತ್ತಿದ್ದಾಗ ಬೆನ್ನ ಹಿಂದೆ ಪರಿಚಿತ ದನಿ ಕೇಳಿತು.

“ಟವಲ್ ತೆಗೀರಿ ಯಜಮಾನ್ರೆ. ಇಲ್ಲಿ ಬಿಸ್ಲಿಲ್ಲ.”

“ಸಂಬಳ ಜಾಸ್ತಿ ಕೊಡ್ತಾರೇನೆ ಬಸ್ಮಿ?” ಎಂದು ಕೇಳಿದೆ.

“ಐನೂರು ಜಾಸ್ತಿ. ಅದ್ಕಲ್ಲ ನಾನ್ ಬಂದಿದ್ದು.”

“ಮತ್ತೆ?”

ಚಿಕ್ಕಬಸಮ್ಮ ಬಿಲ್ ಮಾಡುವ ಕಡೆ ಕೈ ತೋರಿಸಿದರು. “ಅಲ್ನೋಡಿ. ನಮ್ ಕಾಲೋನಿ ಪುಟ್ಟಕ್ಕ ಮುಂದೆ, ಕಾಂತರಾಜಪ್ಪೋರು ಇಂದೆ. ನಿಮ್ ಅಂಗ್ಡೀಲಿ ಯಾವತ್ತಾದ್ರೂ ಇಂಗಾಗಿತ್ತಾ?”

ನೋಡಿದೆ. ತಂಬಾಕು ಎಲೆ ಮುರಿದು ಬಂದಿದ್ದ ಪುಟ್ಟಕ್ಕನ ಕೈಗೆ ಎಲೆಯ ಅಂಟು ಕಪ್ಪಾಗಿ ಮೆತ್ತಿತ್ತು. ಆ ತಂಬಾಕಿನ ಹೊಲದ ಒಡೆಯರಾದ ಕಾಂತರಾಜಪ್ಪನವರೇ ಅವರ ಹಿಂದೆ ಬುಟ್ಟಿ ಹಿಡಿದು ಕಾಯುತ್ತಿದ್ದರು. ಇಬ್ಬರ ಮುಖದಲ್ಲೂ ಅದೊಂದು ವಿಶೇಷ ಎಂಬ ಭಾವವಿರಲಿಲ್ಲ.

ಸಭಿಕರೇ, ನನ್ನ ಅಂಗಡಿಯಲ್ಲಿ ನಮ್ಮ ತಂದೆ ಮಾಡಿಸಿದ ಹಲಸಿನ ಮರದ ಕೌಂಟರ್ ಇತ್ತು. ಪುಟ್ಟಕ್ಕನಂಥವರು ಅದರಾಚೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ನಾನು ಯಾರು ಮೊದಲು ಬಂದರು ಎಂದು ನೋಡುತ್ತಿರಲಿಲ್ಲ, ಯಾರು ಬಂದರು ಎಂದು ನೋಡುತ್ತಿದ್ದೆ. ಮೂವತ್ತು ವರ್ಷ ಹಾಗೆ ನೋಡಿದ್ದೇನೆ. ಕೆಟ್ಟವನೆಂದು ನನ್ನನ್ನು ಯಾರೂ ಅಂದಿರಲಿಲ್ಲ. ದೇವಸ್ಥಾನದ ಕಮಿಟಿಯಲ್ಲೂ ಇದ್ದೆ.

ಮನೆಗೆ ಬಂದು ಊಟಕ್ಕೆ ಕೂತೆ. ನಡೆದದ್ದನ್ನು ಹೆಂಡತಿಗೆ ಹೇಳಿದೆ. “ನಂಗೆ ಗೊತ್ತಿತ್ತು. ನೀವು ಕೇಳ್ನಿಲ್ವಲ್ಲ” ಎಂದು ಮುದ್ದೆ ಮುರಿದಳು.

ಭಾನುವಾರ ಬಡಗಿ ಮಲ್ಲೇಶನನ್ನು ಕರೆಸಿ ಕೌಂಟರ್ ಕೀಳು ಎಂದೆ. “ಇಂಥ ಹಲಗೆ ಇನ್ನೆಲ್ಲೂ ಸಿಗಲ್ಲ ಕಣಣ್ಣ, ಯೋಚ್ನೆ ಮಾಡು” ಎಂದು ಎರಡು ಸಲ ಹೇಳಿ ಕಿತ್ತ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಜನ ಬಂದು ಮೆಟ್ಟಿಲಲ್ಲೇ ನಿಂತರು. ಒಳಗೆ ಬನ್ನಿ ಎಂದರೂ ಬರಲೊಲ್ಲರು. ಕೊನೆಗೆ ಪುಟ್ಟಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದರು. ತೊಗರಿಬೇಳೆಯ ಮೂಟೆಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಬೊಗಸೆ ಎತ್ತಿ, ಮೂಸಿ, “ಇದೇನ್ ಯಜಮಾನ್ರೆ, ಒಳ್ಳೆ ಬೇಳೇನೇ ಇಟ್ಟಿದ್ದೀರಲ್ಲ” ಎಂದು ನಕ್ಕರು. ಅವರ ಹಿಂದೆಯೇ ಎಲ್ಲರೂ ನುಗ್ಗಿದರು. ನನ್ನ ಅಂಗಡಿಯಲ್ಲಿ ಅಷ್ಟು ಜನ ನಗುವುದನ್ನು ನಾನು ಅದೇ ಮೊದಲು ಕೇಳಿದ್ದು.

ಆಮೇಲೆ ಚಿಕ್ಕಬಸಮ್ಮನ ಮನೆ ಹುಡುಕಿಕೊಂಡು ಹೋದೆ. ಹದಿನಾರು ವರ್ಷ ಕೆಲಸ ಮಾಡಿಸಿಕೊಂಡಿದ್ದೆ, ಮನೆ ಎಲ್ಲಿ ಎಂದು ಕೇಳಿರಲಿಲ್ಲ. ಕೆಲಸಕ್ಕೆ ವಾಪಸು ಬಾ ಎಂದದ್ದಕ್ಕೆ ಅವರು ಮೂರು ಷರತ್ತು ಹಾಕಿದರು. ಕೆಲಸದವರಿಗೆಲ್ಲ ಕೂರಲು ಕುರ್ಚಿ ಬೇಕು. ವಾರಕ್ಕೊಂದು ರಜೆ ಬೇಕು. “ಏ ಬಸ್ಮಿ ಅಂತ ಕೂಗ್ಬಾರ್ದು.” ಮೊದಲೆರಡು ಆ ವಾರವೇ ಆದವು. ಮೂರನೆಯದಕ್ಕೆ ನನ್ನ ನಾಲಿಗೆ ಆರು ತಿಂಗಳು ತೆಗೆದುಕೊಂಡಿತು. ಅವರು ಈಗ ಮೂರನೇ ಸಾಲಿನಲ್ಲಿ ಕೂತು, ಸಾಕು ನಿಲ್ಲಿಸಿ ಎಂದು ಕಣ್ಣಲ್ಲೇ ಹೇಳುತ್ತಿದ್ದಾರೆ. ಕ್ಷಮಿಸಬೇಕು ಚಿಕ್ಕಬಸಮ್ಮನವರೇ, ಮೈಕು ಕೈಗೆ ಕೊಟ್ಟವರು ಇವರು.

ದೊಡ್ಡ ಕಂಪನಿ ಯಾವ ಊರಲ್ಲಿ ಏನು ಇಡಬೇಕೆಂಬುದನ್ನು ಎಲ್ಲೋ ದೂರದ ನಗರದಲ್ಲಿ ಕೂತು ತೀರ್ಮಾನಿಸುತ್ತದೆ. ಅದು ಅವರ ಬಲ, ಅದೇ ಅವರ ದೌರ್ಬಲ್ಯ. ನಾವು ಬೇರೆ ಊರುಗಳಲ್ಲೂ ಮಳಿಗೆ ತೆರೆಯಲು ಹೊರಟಾಗ ಇದನ್ನು ಕಂಡುಕೊಂಡವರು ಚಿಕ್ಕಬಸಮ್ಮನವರು. “ಎಚ್.ಡಿ. ಕೋಟೆ ಆಂಡ್‌ಪೋಸ್ಟ್ ಸರ್ಕಲ್ಲಲ್ಲಿ ಕೇರಳದ ಕಡೆ ಓಗೋರು ಬಸ್ ಇಳೀತಾರೆ, ಅಲ್ಲಿ ಕುಚ್ಚಲಕ್ಕಿ ಇಡಿ. ಕೆ.ಆರ್. ನಗ್ರದೋರು ಬತ್ತ ಬೆಳೆಯೋರು, ಅವ್ರ್ಗೆ ಅಕ್ಕಿ ಮಾರಕ್ಕೋದ್ರೆ ನಗ್ತಾರೆ, ಅಲ್ಲಿ ರಾಗಿ ಇಡಿ” ಎಂದರು. ಇಟ್ಟೆವು. ರೈತರ ಕೈಯಲ್ಲಿ ಕಾಸಿರುವ ತಂಬಾಕು ಹರಾಜಿನ ತಿಂಗಳಲ್ಲಿ ಹುಣಸೂರಿನ ಮಳಿಗೆಯಲ್ಲಿ ಪಾತ್ರೆ, ಕಂಬಳಿ ಜೋಡಿಸಿದೆವು. ಹನ್ನೊಂದು ಅಂಗಡಿಯವರು ಸೇರಿ ಎಣ್ಣೆ, ಸೋಪನ್ನು ಒಂದೇ ಲಾರಿಯಲ್ಲಿ ತರಿಸಿದೆವು, ದರ ಇಳಿಯಿತು. ಇಂದು ನಮ್ಮಲ್ಲಿ ನಲವತ್ತೊಂದು ಜನ ದುಡಿಯುತ್ತಿದ್ದಾರೆ. ಆ ದೊಡ್ಡ ಮಳಿಗೆ ಮುಚ್ಚಿತೇ? ಇಲ್ಲ, ಚೆನ್ನಾಗಿಯೇ ನಡೆಯುತ್ತಿದೆ. ಅವರೂ ಇರಲಿ, ನಾವೂ ಇರೋಣ.

ಹೋದ ತಿಂಗಳು ಅದೇ ಕಂಪನಿಯವರು ಚಿಕ್ಕಬಸಮ್ಮನವರನ್ನು ಮೈಸೂರಿಗೆ ಕರೆದರು. ಆರು ಮಳಿಗೆಯ ಉಸ್ತುವಾರಿ, ಎರಡು ಪಟ್ಟು ಸಂಬಳ. ಅವರು ನನ್ನೆದುರು ಕುರ್ಚಿ ಎಳೆದು ಕೂತರು.

“ಅವ್ರು ಸಂಬ್ಳ ಕೊಡ್ತಾರೆ. ನೀವೇನ್ ಕೊಡ್ತೀರಿ ಅಂತ ಯೋಚ್ನೆ ಮಾಡಿ ತಿಳ್ಸಿ ಯಜಮಾನ್ರೆ.”

ಎರಡು ದಿನ ಯೋಚಿಸಿದೆ. ಅವರು ಹೋದರೆ ನನ್ನ ಬಳಿ ಏನುಳಿಯುತ್ತದೆ? ಮೂರನೆಯ ದಿನ ಅವರನ್ನು ವಕೀಲರ ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತರು ಕಾಗದದ ಮೇಲೆ ನನ್ನ ಹೆಸರು ಬರೆದರು, ಅವರ ಹೆಸರು ಬರೆದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಇವ್ರು ನಿಮ್ಗೇನಾಗ್ಬೇಕು ಸ್ವಾಮಿ?” ಎಂದು ಕೇಳಿದರು.

ಇಷ್ಟು ಮಾತಾಡುವ ಈ ಶಿವನಂಜಪ್ಪ ಬಾಯಿ ತೆರೆಯುವ ಮೊದಲೇ ಚಿಕ್ಕಬಸಮ್ಮನವರೇ ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, “ಪಾಲುದಾರ್ರು ಕಣ್ರೀ. ಎಲ್ಲಿ ಸೈನ್ ಮಾಡ್ಬೇಕು ತೋರ್ಸಿ” ಎಂದರು.

ಇಷ್ಟು ಹೊತ್ತು ಊಟದ ವಾಸನೆಯನ್ನು ಸಹಿಸಿಕೊಂಡು ಕೇಳಿದ ನಿಮಗೆಲ್ಲ ನಮ್ಮಿಬ್ಬರ ಪರವಾಗಿ ವಂದನೆ. ನಮಸ್ಕಾರ.