ತೋಟದ ಸಂಬಳ

ಬ್ಯಾಂಕಿನ ಸರದಿಯಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಆಗಷ್ಟೇ ಮುದ್ರಿಸಿಕೊಂಡ ಪಾಸ್‌ಬುಕ್ ಅವಳ ಕೈಯಲ್ಲಿತ್ತು.

“ತಿಂಗಳಾ ತಿಂಗಳಾ ಮನೆ ಖರ್ಚಿಗೆ ಕೊಡ್ತಿದ್ದದ್ದು ತರಕಾರಿ ದುಡ್ಡು ಅಂದ್ರಲ್ಲ?”

“ತರಕಾರಿದು ಬೀಜ ಗೊಬ್ಬರಕ್ಕೇ ಸಾಲ್ತಿರಲಿಲ್ಲ.”

“ಮತ್ತೆ ಇದು?”

“ಕೆಲಸ ಬಿಟ್ಟಾಗ ಕಂಪನಿಯವರು ಕೊಟ್ಟ ಗಂಟು. ಅದನ್ನೇ ಸ್ವಲ್ಪ ಸ್ವಲ್ಪ ತೆಗೆದುಕೊಟ್ಟೆ.”

“ಉಳಿದಿರೋದು ಎಷ್ಟು ದಿನಕ್ಕೆ ಬರುತ್ತೆ?”

“ಈ ತಿಂಗಳಿಗೆ.”

“ನಂಗೆ ಹೇಳಬಾರದಿತ್ತಾ?”

“ಎರಡನೇ ಬೆಳೆಗೆ ಸರಿಹೋಗುತ್ತೆ ಅಂದ್ಕೊಂಡೆ. ತೋಟನೇ ನಮಗೆ ಸಂಬಳ ಕೊಡ್ತಿದೆ ಅಂತ ನೀನು ಎಲ್ರ ಹತ್ರ ಹೇಳ್ಕೊಂಡು ಬರ್ತಿದ್ದೆ. ಹೇಳೋಕೆ ಬಾಯಿ ಬರಲಿಲ್ಲ.”

ಅವಳು ಪಾಸ್‌ಬುಕ್ ಮಡಚಿದಳು.

“ನನ್ನ ತಮ್ಮನಿಗೂ ಹೇಳಿದ್ದೆ. ನಿನ್ನೆ ಕೆಲಸ ಬಿಟ್ಟ. ನಮ್ಮ ಪಕ್ಕದ ಜಮೀನು ಗುತ್ತಿಗೆಗೆ ತಗೊಂಡಿದಾನೆ.”

ಕೌಂಟರಿನವರು ಕರೆದರು. ಇಬ್ಬರೂ ಸರದಿ ಬಿಟ್ಟು ಬಾಗಿಲ ಕಡೆ ನಡೆದರು.

“ಅವನಿಗೆ ಫೋನ್ ನೀವೇ ಮಾಡಿ,” ಎನ್ನುತ್ತಿದ್ದಳು ಅವಳು.