ಹೊರಗಿನವರು

ಸಿಂಧನೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಸಾಲಗುಂದದ ಕರೆಮ್ಮ ಬದನೆಕಾಯಿ ಮಾರಿ ಬಂದವಳು, ಹಿಂದೆ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆಸಿದ ಬಂಗಾಲಿ ಕ್ಯಾಂಪಿನ ಮಿನತಿ ಮೀನು ಮಾರಿ ಬಂದವಳು.

“ಧಾರಾವಾಹಿ ನೋಡಿದ್ಯಾ ಮಿನತಿ? ಆ ಬಂಗಾಲಿ ಹುಡುಗನ್ನ ಮತ್ತ ಕಳ್ಳ ಮಾಡ್ಯಾರ.”

“ದಿನಾ ನೋಡ್ತೀನಿ ಅಕ್ಕ.”

“ಹೊರಗಿನವರನ್ನ ನಂಬಬಾರದು ಅಂತಾಳ ಅದರಾಗಿನ ಅತ್ತಿ. ನಾ ಸಿಟ್ಟಿಗೆದ್ದು ಟೀವಿ ಬಂದ್ ಮಾಡಿದೆ. ನೀ ಹೆಂಗ ನೋಡ್ತಿ?”

“ಅವ ತನ್ನ ಅವ್ವನ್ನ ‘ಮಾ’ ಅಂತ ಕರೀತಾನಲ್ಲ, ಅದನ್ನ ಕೇಳಾಕ. ಇಲ್ಲಿ ಟೀವಿಯಾಗ ನಮ್ಮ ಮಾತು ಮತ್ತೆಲ್ಲಿ ಬರತೈತಿ?”

ಕರೆಮ್ಮ ಬುಟ್ಟಿ ಬದಿಗಿಟ್ಟು ಅವಳ ಹತ್ತಿರ ಸರಿದಳು.

“ಅವ ‘ನಾನು ಹೋಗುತ್ತದೆ’ ಅಂತಾನ. ನೀ ಯಾವಾಗರ ಹಂಗ ಮಾತಾಡೀಯೇನು?”

“ನಾ ಇಲ್ಲೇ ಹುಟ್ಟೀನಿ ಅಕ್ಕ. ಆ ಅತ್ತಿ ಮಾತಾಡೋ ಬೆಂಗಳೂರು ಕನ್ನಡನ ನನಗ ತಿಳ್ಯಾಂಗಿಲ್ಲ.”

“ನನಗೂ ತಿಳ್ಯಾಂಗಿಲ್ಲ ಬೇ! ಹಂಗಾರ ನಾನೂ ಹೊರಗಿನಾಕಿನ ಏನು?”

ಇಬ್ಬರೂ ನಕ್ಕರು.

“ಇವತ್ತ ಆ ಹುಡುಗನ್ನ ಹೊಡೀತಾರಂತ ಅಕ್ಕ.”

“ಹಂಗಾರ ನೀ ಒಬ್ಬಾಕಿನ ನೋಡಬ್ಯಾಡ. ನಾನೂ ನಿಮ್ಮನಿಗೆ ಬರ್ತೀನಿ.”

“ಬರ್ರಿ, ಮೀನ ಮಾಡ್ತೀನಿ.”

“ಮುಳ್ಳು ಮಾತ್ರ ನೀನ ತಗದು ಕೊಡಬೇಕು ನೋಡು.”

ಕ್ಯಾಂಪಿನ ಬಸ್ ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ.

“ಹೊರಗಿನವ್ರು ಲಗೂನ ಒಳಗ ಬರ್ರೀ!”

ಕರೆಮ್ಮ ಎರಡೂ ಬುಟ್ಟಿ ಎತ್ತಿಕೊಂಡಳು.

“ಏಳ ಬೇ ಮಿನತಿ, ನಮ್ಮನ್ನ ಕರ್ಯಾಕತ್ತಾನ.”