ಹೆಸರು ಬರೆಯದ ದೂರು

ಪರವೂರಿನಲ್ಲಿ ತಾಯ್ನುಡಿ ಕೇಳಿದರೆ ಯಾರ ಕಿವಿಯಾದರೂ ನಿಮಿರುತ್ತದೆ. ಇಂಗ್ಲೆಂಡಿನ ಹಲ್ ನಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದ ಎರಿಟ್ರಿಯಾದ ರಿಗ್ಬೆಯ ಮುಂದೆ ಅವಳ ನಾಡಿನ ಹೆಂಗಸರಿಬ್ಬರು ಮಾತಾಡುತ್ತಿದ್ದರು. ಕಿರಿಯವಳ ಎರಡು ಕೈಗೂ ಒಂದೊಂದು ಮಗು.

“ನಮ್ಮಂಥ ನಿರಾಶ್ರಿತರನ್ನ ಇಟ್ಟಿರೋ ಹೋಟೆಲ್‌ಗಳ ಗುತ್ತಿಗೆನ ಪಾರ್ಲಿಮೆಂಟಿನೋರು ವಿಚಾರಣೆ ಮಾಡ್ತಿದಾರಂತೆ. ಅವರಿಗೆ ನೀನೂ ದೂರು ಬರೆದ್ಯಾ ತಿರ್ಹಾಸ್?”

“ಬರೆದೆ ಅಕ್ಕಾ. ಹೆಸರು ಹಾಕಲ್ಲ ಅಂದ್ರು.”

“ಹೋಟೆಲ್ ಹೆಸರು?”

“ಅದೂ ಹಾಕಿಲ್ಲ. ನಿನ್ನೆ ಎಲ್ರೂ ಓದೋ ಹಾಗೆ ಇಂಟರ್ನೆಟ್ಟಲ್ಲಿ ಬಂತು.”

“ಏನಂತ ಬರೆದಿದ್ದೆ?”

“ಇದ್ದದ್ದನ್ನೇ. ಹಲ್ ಊರಿನ ಹೋಟೆಲು, ಗೋಡೆಯೆಲ್ಲ ಬೂಷ್ಟು, ನನ್ನ ಅವಳಿ ಮಕ್ಕಳಿಗೆ ಕೆಮ್ಮು ನಿಂತೇ ಇಲ್ಲ ಅಂತ.”

“ಅವಳಿ ಅಂತ ಬರೆದ್ಯಾ?”

“ಹೂಂ.”

“ಅಯ್ಯೋ ಪೆದ್ದಿ! ನಮ್ಮ ಹೋಟೆಲಲ್ಲಿ ಅವಳಿ ಮಕ್ಕಳ ತಾಯಿ ಇನ್ಯಾರಿದಾರೆ?”

ತಿರ್ಹಾಸ್ ಮಕ್ಕಳಿಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡಳು.

“ಗುತ್ತಿಗೆಯೋರು ನಮ್ಮನ್ನ ಬೇರೆ ಊರಿಗೆ ಎತ್ತಂಗಡಿ ಮಾಡಿಬಿಟ್ರೆ? ಮಕ್ಕಳು ಈಗಷ್ಟೇ ಸ್ಕೂಲಿಗೆ ಹೊಂದ್ಕೊಂಡಿದಾರೆ ಅಕ್ಕಾ.”

ಬಸ್ ಬಂತು. ಹಿರಿಯವಳು ಒಂದು ಮಗುವನ್ನು ಎತ್ತಿಕೊಂಡಳು.

“ಇವನು ನನ್ನ ಜೊತೆ ಮುಂದೆ ಕೂರ್ತಾನೆ. ಅವನನ್ನ ಕರ್ಕೊಂಡು ನೀನು ಹಿಂದೆ ಹೋಗು. ಇಳಿಯೋವಾಗಲೂ ಒಟ್ಟಿಗೆ ಇಳೀಬೇಡ, ಅದನ್ನ ಓದಿದೋರು ಯಾರಿರ್ತಾರೋ.”

ರಿಗ್ಬೆಯ ಬಸ್ ಅದಲ್ಲ. ಅದು ಹೊರಟಾಗ ಮುಂದಿನ ಕಿಟಕಿಯಿಂದ ಪುಟ್ಟ ಮುಖವೊಂದು ಅವಳನ್ನು ನೋಡಿತು. ಹಿಂದಿನ ಕಿಟಕಿಯಿಂದ ಮತ್ತೆ ಅದೇ ಮುಖ ನೋಡಿತು.